ನಕ್ಷೆಗೆ ಹಿಂಬರಹ ಬಂತೇ? ಮೊದಲು ಚರಂಡಿಯ ಮಟ್ಟ ಅಳೆಯಿರಿ

ವಾಣಿಜ್ಯ ಮಳಿಗೆ, ಲಾಡ್ಜ್ ಅಥವಾ ನರ್ಸಿಂಗ್ ಹೋಂ ಕಟ್ಟಲು ದಾವಣಗೆರೆ ಮಹಾನಗರ ಪಾಲಿಕೆಗೋ ಚಿತ್ರದುರ್ಗ ನಗರಸಭೆಗೋ ನಕ್ಷೆ ಕೊಟ್ಟವರಿಗೆ ಮೊದಲ ಸಲವೇ ಪರವಾನಗಿ ಕೈಗೆ ಸಿಗುವುದು ಅಪರೂಪ. ಎಂಟು-ಹತ್ತು ಆಕ್ಷೇಪಣೆಗಳಿರುವ ಹಿಂಬರಹ ಬರುತ್ತದೆ. ಬಹುತೇಕರು ಅವುಗಳಿಗೆ ಒಂದರಿಂದ ಹತ್ತರವರೆಗೆ ಸಾಲಾಗಿ ಉತ್ತರ ಬರೆಯುತ್ತ ಹೋಗುತ್ತಾರೆ. ತೊಡಕು ಶುರುವಾಗುವುದೇ ಅಲ್ಲಿ. ಎರಡನೆಯ ಆಕ್ಷೇಪಣೆಗೆ ಮಾಡಿದ ತಿದ್ದುಪಡಿ ಏಳನೆಯದನ್ನು ಕೆಡಿಸುತ್ತದೆ. ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಕಡತ ಓಡಾಡುತ್ತಲೇ ಇರುತ್ತದೆ.

ಮೊದಲು ವಿಂಗಡಿಸಿ

ಹಿಂಬರಹವನ್ನು ಎದುರಿಗಿಟ್ಟುಕೊಂಡು ಪ್ರತಿ ಆಕ್ಷೇಪಣೆಯ ಪಕ್ಕದಲ್ಲಿ ಅದು ಯಾವ ಬಗೆಯದು ಎಂದು ಬರೆಯಿರಿ. ಇ-ಖಾತಾ, ತೆರಿಗೆ ರಸೀದಿ, ಭೂಪರಿವರ್ತನೆ ಆದೇಶ, ಚೆಕ್ಕುಬಂದಿಯ ವ್ಯತ್ಯಾಸ ಇವು ದಾಖಲೆಯ ಬಗೆ, ಅರ್ಜಿದಾರರೇ ನಿಭಾಯಿಸಬಹುದು. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ), ಎಫ್‌ಎಆರ್ (ನಿವೇಶನದ ವಿಸ್ತೀರ್ಣಕ್ಕೆ ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣದ ಅನುಪಾತ), ಪಾರ್ಕಿಂಗ್ ನಿಯಮದ ಬಗೆ. ಮಳೆನೀರು, ನೆಲಮಟ್ಟ, ರ‍್ಯಾಂಪ್ ಲೆಕ್ಕದ ಬಗೆ. ಅಗ್ನಿಶಾಮಕ, ಬೆಸ್ಕಾಂ, ಹೆದ್ದಾರಿ ಇವು ಬೇರೆ ಇಲಾಖೆಯ ಬಗೆ. ಈ ಕೊನೆಯವಕ್ಕೆ ಅರ್ಜಿಯನ್ನು ಅಂದೇ ಹಾಕಿಬಿಡಿ, ಏಕೆಂದರೆ ಅವುಗಳ ಸಮಯ ನಿಮ್ಮ ಕೈಯಲ್ಲಿರುವುದಿಲ್ಲ. ನಿವೇಶನ ರಾಷ್ಟ್ರೀಯ ಹೆದ್ದಾರಿ 48ಕ್ಕೋ ಅದರ ಸರ್ವೀಸ್ ರಸ್ತೆಗೋ ತಾಗಿದ್ದರೆ ವಾಹನ ಪ್ರವೇಶಕ್ಕೆ ಹೆದ್ದಾರಿಯವರ ಅನುಮತಿ ಪ್ರತ್ಯೇಕವಾಗಿ ಬೇಕು. ಪಾಲಿಕೆಯ ಪರವಾನಗಿಯಲ್ಲಿ ಅದು ಸೇರಿಲ್ಲ. ಊರೊಳಗಿನ ರಸ್ತೆಯಾದರೂ ಅದು ಲೋಕೋಪಯೋಗಿ ಇಲಾಖೆಯದೋ ಪಾಲಿಕೆಯದೋ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಮತ್ತೆ ಸ್ಥಳಕ್ಕೆ ಹೋಗಿ

"ಮಳೆನೀರು ಹೊರಹೋಗುವ ವ್ಯವಸ್ಥೆ ತೋರಿಸಿಲ್ಲ" ಎಂಬ ಒಂದು ಸಾಲಿನ ಆಕ್ಷೇಪಣೆ ಸಣ್ಣದಾಗಿ ಕಾಣುತ್ತದೆ. ಇಡೀ ನಕ್ಷೆಯನ್ನು ಅಲುಗಾಡಿಸುವುದು ಅದೇ. ಆದ್ದರಿಂದ ಅದನ್ನೇ ಮೊದಲು ಬಿಡಿಸಬೇಕು.

ಹಳೆಯ ಸರ್ವೆಯನ್ನು ನಂಬಬೇಡಿ. ದಾವಣಗೆರೆಯಲ್ಲಿ ಸ್ಮಾರ್ಟ್ ಸಿಟಿ ಕಾಮಗಾರಿಯಿಂದ ಹಲವು ರಸ್ತೆ, ಚರಂಡಿಗಳು ಹೊಸದಾಗಿವೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿ, ನಿವೇಶನವೇ ತಗ್ಗಿಗೆ ಬಿದ್ದಿರುವುದೂ ಉಂಟು. ಆಟೊ ಲೆವೆಲ್ ಅಥವಾ ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದಿಂದ ಐದು ಕಡೆಯ ಮಟ್ಟ ತೆಗೆಯಿರಿ: ರಸ್ತೆಯ ನಡುಮಧ್ಯ, ಚರಂಡಿಯ ಮೇಲಂಚು, ಚರಂಡಿಯ ತಳ, ಗೇಟಿನ ಜಾಗ, ನಿವೇಶನದ ಹಿಂಬದಿಯ ಮೂಲೆ. ಚರಂಡಿಯ ತಳ ಅಳೆಯುವಾಗ ಹೂಳು ತೆಗೆಸಿಯೇ ಅಳೆಯಬೇಕು. ಹೂಳಿನ ಮೇಲೆ ಅಳತೆಗೋಲು ಇಟ್ಟರೆ ಇನ್ನೂರು ಮಿ.ಮೀ. ತಪ್ಪು ಸುಲಭವಾಗಿ ನುಸುಳುತ್ತದೆ. ಬೆಂಚ್ ಮಾರ್ಕ್ ಆಗಿ, ಅಂದರೆ ಉಳಿದ ಮಟ್ಟಗಳನ್ನೆಲ್ಲ ಹೋಲಿಸಿ ಅಳೆಯುವ ಸ್ಥಿರ ಗುರುತಾಗಿ, ಒಳಚರಂಡಿಯ ಮ್ಯಾನ್‌ಹೋಲ್ ಮುಚ್ಚಳವನ್ನು ಹಿಡಿಯಬೇಡಿ. ರಸ್ತೆ ದುರಸ್ತಿಯಾದಾಗ ಅದನ್ನು ಎತ್ತರಿಸುತ್ತಾರೆ. ಮೋರಿಯ ಕಟ್ಟೆಯಂಥ ಕದಲದ ಜಾಗ ಆರಿಸಿ.

ನೀರಿನ ಲೆಕ್ಕ

ಎಷ್ಟು ನೀರು ಬರುತ್ತದೆ ಎಂಬುದನ್ನು ಮೊದಲು ತೋರಿಸಬೇಕು. 1,200 ಚದರ ಮೀಟರ್ ನಿವೇಶನ, ಪೂರ್ತಿ ಚಾವಣಿ ಮತ್ತು ಕಾಂಕ್ರೀಟ್ ನೆಲ ಎಂದುಕೊಳ್ಳಿ. ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದುಹೋಗುವ ಪಾಲು) 0.9, ಮಳೆಯ ರಭಸ ಗಂಟೆಗೆ 60 ಮಿ.ಮೀ. ಹಿಡಿದರೆ, 0.9 × 60 × 0.12 ಹೆಕ್ಟೇರ್ ÷ 360 = ಸೆಕೆಂಡಿಗೆ 0.018 ಘನ ಮೀಟರ್, ಅಂದರೆ 18 ಲೀಟರ್. 1ಕ್ಕೆ 200ರ ಇಳಿಜಾರಿನಲ್ಲಿ (200 ಮೀಟರಿಗೆ 1 ಮೀಟರ್ ಇಳಿತ) 150 ಮಿ.ಮೀ. ಪೈಪು ತುಂಬಿ ಹರಿದರೂ ಒಯ್ಯುವುದು ಸುಮಾರು 11 ಲೀಟರ್, ಸಾಲದು. 200 ಮಿ.ಮೀ. ಪೈಪು 23 ಲೀಟರ್ ಒಯ್ಯುತ್ತದೆ. ನಕ್ಷೆಯಲ್ಲಿ "ಪೈಪು" ಎಂದಷ್ಟೇ ಗೆರೆ ಎಳೆದು ವ್ಯಾಸ, ಇಳಿಜಾರು ಬರೆಯದಿದ್ದರೆ ಆಕ್ಷೇಪಣೆ ಮತ್ತೆ ಬರುವುದು ನ್ಯಾಯವೇ. ಮಳೆಯ ರಭಸದ ಅಂಕಿ ಯಾವುದು ಹಿಡಿಯಬೇಕೆಂದು ಪರಿಶೀಲಿಸುವ ಎಂಜಿನಿಯರ್ ಅವರನ್ನೇ ಕೇಳಿ, ಆ ಅಂಕಿಯನ್ನು ಲೆಕ್ಕದ ಹಾಳೆಯ ಮೇಲೆ ನಮೂದಿಸಿ.

ಇನ್ನು ಮಟ್ಟ. ರಸ್ತೆಯ ನಡುಮಧ್ಯವನ್ನು 100.000 ಮೀಟರ್ ಎಂದಿಟ್ಟುಕೊಂಡರೆ ಚರಂಡಿಯ ತಳ 99.350 ಇದೆ ಎನ್ನಿ. ಪೈಪಿನ ಬಾಯಿ ಅದಕ್ಕಿಂತ 100 ಮಿ.ಮೀ. ಮೇಲಿರಲಿ: 99.450. ಹಿಂಬದಿಯ ಮೂಲೆ 60 ಮೀಟರ್ ದೂರವಿದ್ದರೆ 1ಕ್ಕೆ 200ರ ಇಳಿಜಾರಿಗೆ 300 ಮಿ.ಮೀ. ಬೇಕು. ಅಲ್ಲಿಗೆ ಪೈಪಿನ ತಳ 99.750. ಪೈಪಿನ 200 ಮಿ.ಮೀ., ಮೇಲಿನ ಮಣ್ಣಿನ ಹೊದಿಕೆ 400 ಮಿ.ಮೀ. ಸೇರಿಸಿದರೆ ಹಿಂಬದಿಯ ನೆಲ ಕನಿಷ್ಠ 100.350 ಇರಬೇಕು. ವಾಸ್ತುಶಿಲ್ಪಿ ಇಡೀ ಅಂಗಳವನ್ನು 100.000ಕ್ಕೆ ಸಪಾಟಾಗಿ ಬಿಡಿಸಿದ್ದರೆ ಆ ಪೈಪು ಕಾಗದದ ಮೇಲೆ ಮಾತ್ರ ಹರಿಯುತ್ತದೆ.

ಆಗ ಇರುವ ದಾರಿಗಳು ಮೂರು. ಅಂಗಳ ಎತ್ತರಿಸುವುದು, ಪೈಪಿನ ಬದಲು ಮೇಲೆ ಚಪ್ಪಡಿ ಮುಚ್ಚಿದ ಆಳವಿಲ್ಲದ ಚರಂಡಿ ಮಾಡುವುದು, ಗುಂಡಿಗೆ ನೀರು ಸೇರಿಸಿ ಪಂಪಿನಿಂದ ಎತ್ತುವುದು. ಮೂರನೆಯದನ್ನು ಕೊನೆಗೆ ಬಿಡಿ, ಬಿರುಮಳೆಯ ಹೊತ್ತಿನಲ್ಲೇ ಕರೆಂಟು ಹೋಗುತ್ತದೆ. ಸಾಮಾನ್ಯವಾಗಿ ಎರಡನೆಯದೇ ಒಳ್ಳೆಯದು: 250 ಮಿ.ಮೀ. ಆಳ, 100 ಮಿ.ಮೀ. ಚಪ್ಪಡಿ, ಅಲ್ಲಿಗೆ ಹಿಂಬದಿಯ ನೆಲ 100.100 ಇದ್ದರೆ ಸಾಕು. ಹೂಳು ತೆಗೆಯುವುದೂ ಸುಲಭ.

ಮಳೆನೀರನ್ನು ಯುಜಿಡಿ (ಒಳಚರಂಡಿ) ಚೇಂಬರಿಗೆ ಜೋಡಿಸಬೇಡಿ. ಅದು ಮಲಿನ ನೀರಿಗೆ ಅಳತೆ ಮಾಡಿದ ಕೊಳವೆ. ಒಂದೇ ಮಳೆಗೆ ತುಂಬಿ ತಗ್ಗಿನ ಮನೆಗಳಲ್ಲಿ ಉಕ್ಕುತ್ತದೆ. ಇಂಗುಗುಂಡಿಯ ಮೇಲೆ ಪೂರ್ತಿ ಭಾರ ಹಾಕುವುದೂ ಸರಿಯಲ್ಲ. ದಾವಣಗೆರೆ ಸುತ್ತಲಿನ ಎರೆಮಣ್ಣಿನಲ್ಲಿ ನೀರು ಬೇಗ ಇಂಗುವುದಿಲ್ಲ, ಪಾಯದ ಪಕ್ಕದಲ್ಲಿದ್ದರೆ ಮಣ್ಣು ಉಬ್ಬಿ ಗೋಡೆ ಬಿರುಕು ಬಿಡುತ್ತದೆ. ಚಿತ್ರದುರ್ಗದಲ್ಲಿ ಬಂಡೆ ಸಿಕ್ಕರೆ ಗುಂಡಿ ಬರೀ ತೊಟ್ಟಿಯಾಗುತ್ತದೆ. ಗುಂಡಿ ಮಾಡಿ, ಆದರೆ ಉಕ್ಕಿದ ನೀರು ಚರಂಡಿಗೆ ಹೋಗುವ ದಾರಿಯನ್ನೂ ಮಟ್ಟದ ಸಮೇತ ತೋರಿಸಿ.

ಮಟ್ಟ ಬದಲಾದರೆ ಏನೇನು ಬದಲಾಗುತ್ತದೆ

ಅಂಗಳದಿಂದ ಕಟ್ಟಡದ ನೆಲ 450 ಮಿ.ಮೀ. ಎತ್ತರವಿದ್ದರೆ, ಗಾಲಿಕುರ್ಚಿಯ ರ‍್ಯಾಂಪ್ 1ಕ್ಕೆ 12ರ ಲೆಕ್ಕದಲ್ಲಿ 5.4 ಮೀಟರ್ ಉದ್ದವಾಗುತ್ತದೆ. ನೆಲವನ್ನು 600 ಮಿ.ಮೀ.ಗೆ ಏರಿಸಿದರೆ 7.2 ಮೀಟರ್. ಹೆಚ್ಚಾದ 1.8 ಮೀಟರ್ ಸೆಟ್‌ಬ್ಯಾಕಿನೊಳಗೋ ಪಾರ್ಕಿಂಗಿನೊಳಗೋ ನುಗ್ಗುತ್ತದೆ. ಚರಂಡಿ ಸರಿಪಡಿಸಿ ಮತ್ತೆ ಪಾರ್ಕಿಂಗ್ ಆಕ್ಷೇಪಣೆ ತರಿಸಿಕೊಳ್ಳುವುದು ಹೀಗೆಯೇ.

ಪಾರ್ಕಿಂಗಿಗೆ ನಿಮ್ಮ ಊರಿನ ವಲಯ ನಿಯಮಾವಳಿಯ ಅಂಕಿಯೇ ಅಂತಿಮ. 50 ಚದರ ಮೀಟರಿಗೆ ಒಂದು ಕಾರು ಎಂದಿದ್ದರೆ 900 ಚದರ ಮೀಟರ್ ಕಟ್ಟಡಕ್ಕೆ 18 ಕಾರು. ಒಂದು ಕಾರಿಗೆ 2.5 × 5.5 ಮೀಟರ್ ಜಾಗ. ಇಲ್ಲಿ ಎಡವುವುದು ಕಂಬಗಳಲ್ಲಿ: ಕಂಬದ ನಡುವಿನಿಂದ ನಡುವಿಗೆ 5 ಮೀಟರ್ ಎಂದು ಬರೆದು ಎರಡು ಕಾರು ತೋರಿಸುತ್ತಾರೆ. 300 ಮಿ.ಮೀ. ಕಂಬ ಕಳೆದರೆ ಉಳಿಯುವುದು 4.7 ಮೀಟರ್, ಒಂದು ಕಾರು ಲೆಕ್ಕದಿಂದ ಹೋಗುತ್ತದೆ. ಸಾಧ್ಯವಾದರೆ ಕಂಬಗಳನ್ನು 5.4 ಮೀಟರಿಗೆ ಸರಿಸಿ.

ಸೆಟ್‌ಬ್ಯಾಕ್ ಅಳೆಯುವುದು ಈಗಿನ ರಸ್ತೆಯಂಚಿನಿಂದಲ್ಲ. ಮಹಾಯೋಜನೆಯಲ್ಲಿ ರಸ್ತೆ ಅಗಲೀಕರಣದ ಗೆರೆ ಇದ್ದರೆ ಅದರಿಂದ. ಗೇಟು ಹೊರಕ್ಕೆ ತೆರೆಯಬಾರದು, ರ‍್ಯಾಂಪ್ ಪಾದಚಾರಿ ದಾರಿಗೆ ಚಾಚಬಾರದು. ಚರಂಡಿ ದಾಟುವ ಜಾಗದಲ್ಲಿ ಎತ್ತಿ ತೆಗೆಯಬಲ್ಲ ತುಂಡು ಚಪ್ಪಡಿಗಳನ್ನು ತೋರಿಸಿ. ಒಂದೇ ಕಾಂಕ್ರೀಟ್ ಹಾಸು ಹಾಕಿದರೆ ಹೂಳು ತೆಗೆಯಲಾಗದೆ ಇಡೀ ಬೀದಿಗೆ ತೊಂದರೆ.

ಉತ್ತರ ಬರೆಯುವ ಬಗೆ

ನಾಲ್ಕು ಕಾಲಮಿನ ಪಟ್ಟಿ ಸಾಕು: ಆಕ್ಷೇಪಣೆಯ ಕ್ರಮಸಂಖ್ಯೆ, ಅದರ ಯಥಾವತ್ ಪಾಠ, ಮಾಡಿದ ತಿದ್ದುಪಡಿ, ಅದು ಇರುವ ಹಾಳೆಯ ಸಂಖ್ಯೆ. "ಸರಿಪಡಿಸಲಾಗಿದೆ" ಎಂದಷ್ಟೇ ಬರೆದರೆ ಪರಿಶೀಲಿಸುವವರು ಇಡೀ ನಕ್ಷೆ ಹುಡುಕಬೇಕಾಗುತ್ತದೆ. "ಹಿಂಬದಿಯ ಚರಂಡಿ 250 ಮಿ.ಮೀ. ಆಳ, ಆರಂಭದ ತಳಮಟ್ಟ 99.750, ಹಾಳೆ 3" ಎಂದರೆ ಒಂದು ನಿಮಿಷದ ಕೆಲಸ. ಆಕ್ಷೇಪಣೆ ಒಪ್ಪಿಗೆಯಿಲ್ಲದಿದ್ದರೆ ನಿಯಮದ ಸಂಖ್ಯೆ ಹಾಕಿ ವಿನಯದಿಂದ ಬರೆಯಿರಿ, ಮೌನವಾಗಿ ಬಿಟ್ಟುಬಿಡಬೇಡಿ.

ತಿದ್ದಿದ ಕಡೆ ಮೋಡದಾಕಾರದ ಗೆರೆ ಸುತ್ತಿ, ತಿದ್ದುಪಡಿಯ ಸಂಖ್ಯೆ ಮತ್ತು ದಿನಾಂಕ ಹಾಕಿ. ನೆಲನಕ್ಷೆ, ಅಡ್ಡಕೊಯ್ತ, ಒಳಚರಂಡಿ ನಕ್ಷೆ, ವಿಸ್ತೀರ್ಣದ ಪಟ್ಟಿ ಈ ನಾಲ್ಕರಲ್ಲೂ ಒಂದೇ ಅಂಕಿ ಇದೆಯೇ ಎಂದು ಇನ್ನೊಬ್ಬರಿಂದ ಓದಿಸಿ. ಬಿಡಿಸಿದವರ ಕಣ್ಣಿಗೆ ತಮ್ಮ ತಪ್ಪು ಕಾಣುವುದಿಲ್ಲ. ಕೊಟ್ಟ ಮೇಲೆ ಸ್ವೀಕೃತಿ ಪಡೆದು, ಮಟ್ಟದ ವಿಷಯವಿದ್ದರೆ ಜಂಟಿ ಸ್ಥಳ ತನಿಖೆಗೆ ಮನವಿ ಮಾಡಿ.

ಮಂಜೂರಾದ ನಕ್ಷೆಯಂತೆಯೇ ಕಟ್ಟುವುದು ಈಗ ಇನ್ನೂ ಮುಖ್ಯ. 2024ರ ಡಿಸೆಂಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪ್ರಮಾಣಪತ್ರ (ಕಟ್ಟಡ ಮಂಜೂರಾದ ನಕ್ಷೆಯಂತಿದೆ, ಬಳಸಬಹುದು ಎಂದು ಕೊಡುವ ಪತ್ರ) ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಹೇಳಿದೆ. ಹಾಗಾಗಿ ಮಣ್ಣು ಅಗೆಯುವ ಮುನ್ನವೇ ಬೆಂಚ್ ಮಾರ್ಕನ್ನು ಕಾಂಪೌಂಡಿನ ಮೇಲೆ ಬಣ್ಣದಲ್ಲಿ ಬರೆಸಿ, ಚರಂಡಿ ಹಾಕುವ ಮೇಸ್ತ್ರಿಗೆ 99.750 ಮತ್ತು 99.450 ಎರಡನ್ನೂ ಗೂಟ ಹೊಡೆದು ತೋರಿಸಿ. ಚಪ್ಪಡಿ ಮುಚ್ಚುವ ಮೊದಲು ಹಿಂಬದಿಯಿಂದ ನಾಲ್ಕು ಕೊಡ ನೀರು ಸುರಿದು, ಅದು ಎಲ್ಲೂ ನಿಲ್ಲದೆ ಗೇಟಿನವರೆಗೆ ಬರುತ್ತದೆಯೇ ನೋಡಿ.