ಮೊದಲ ಎಲೆಗೆ ಮುಂಚೆ ಅರ್ಧ ನಿಮಿಷ

ನಾನು ಬ್ರಿಜ್ ಎಂಬ ಇಸ್ಪೀಟಾಟಕ್ಕೆ ಬಂದಿದ್ದು ಇಪ್ಪತ್ತೆಂಟು ಎಂಬ ಇನ್ನೊಂದು ಎಲೆಯಾಟ ಆಡಿ ಆಡಿ. ನಮ್ಮ ಮಂಗಳೂರು ಕಡೆಯವರಿಗೆ ಆ ಆಟವನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವನು, ಅವನಿಗೆ 3 ಪಾಯಿಂಟು. ಬ್ರಿಜ್‌ನಲ್ಲಿ ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಪಾಪ ಗುಲಾಮನಿಗೆ ಬರೀ 1. ಆದರೂ ಕೈಯಲ್ಲಿ ಮೂರು ಗುಲಾಮ ಕಂಡರೆ ಸಾಕು, ನಾನು ಹುರುಪಿನಿಂದ ಬಿಡ್ (ಇಷ್ಟು ಟ್ರಿಕ್, ಅಂದರೆ ಇಷ್ಟು ಸುತ್ತು ಗೆಲ್ಲುತ್ತೇವೆ ಎಂಬ ಮಾತು) ಏರಿಸುತ್ತಿದ್ದೆ. ಆ ಚಟ ಬಿಡಿಸಲು ನನ್ನ ಪಾರ್ಟ್‌ನರ್‌ಗೆ ಒಂದು ವರ್ಷವೇ ಬೇಕಾಯಿತು. ಅವರು ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು.

ಮನೆಯಲ್ಲಿ ಶುರುವಿಗೆ ‘ಇಸ್ಪೀಟು ಆಡ್ಲಿಕ್ಕೆ ಹೋಗ್ತಾನೆ’ ಎಂದು ಮುಖ ಗಂಟು ಹಾಕುತ್ತಿದ್ದರು. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಪ್ರಣಬ್ ಬರ್ಧನ್, ಶಿಬನಾಥ್ ಸರ್ಕಾರ್ ಜೋಡಿ ಬ್ರಿಜ್‌ನಲ್ಲಿ ಚಿನ್ನ ಗೆದ್ದಿತು. ಆಗ ಬರ್ಧನ್‌ಗೆ 60 ವರ್ಷ. ಆ ಸುದ್ದಿ ಓದಿದ ಮೇಲೆ ಅಮ್ಮ ಸುಮ್ಮನಾದರು.

ಬೇಗ ಕಲಿಯಬೇಕೆಂಬ ಆಸೆಯಲ್ಲಿ ಹೊಸ ಹೊಸ ಕನ್ವೆನ್ಶನ್‌ಗಳನ್ನೆಲ್ಲ, ಅಂದರೆ ಬಿಡ್‌ನಲ್ಲೇ ಪಾರ್ಟ್‌ನರ್ ಜತೆ ಕೈಯ ಸುದ್ದಿ ಹಂಚಿಕೊಳ್ಳುವ ಸಂಕೇತಗಳನ್ನು, ಬಾಯಿಪಾಠ ಮಾಡಿದೆ. ಟೇಬಲ್ ಮುಂದೆ ಕೂತಾಗ ಅರ್ಧ ನನಗೆ ಮರೆಯುತ್ತಿತ್ತು, ಅರ್ಧ ಅವರಿಗೆ. ಕೊನೆಗೆ ಮೇಷ್ಟ್ರು ಸ್ಟೇಮನ್, ಬ್ಲಾಕ್‌ವುಡ್ ಎರಡನ್ನೇ ಉಳಿಸಿ ಬಾಕಿಯೆಲ್ಲ ಹೊಡೆದು ಹಾಕಿದರು. ಆಟ ಅದರಿಂದ ಕೆಡಲಿಲ್ಲ.

ನಿಜವಾಗಿ ಕಣ್ಣು ತೆರೆಸಿದ್ದು ಒಂದು ಡೂಪ್ಲಿಕೇಟ್ ಪಂದ್ಯ. ನಾನು ಮೂರು ನೋ ಟ್ರಂಪ್ ಬಿಡ್ ಮಾಡಿದ್ದೆ. ಅಂದರೆ ತುರುಫು ಇಲ್ಲದೆ 9 ಟ್ರಿಕ್ ಆಗಬೇಕು. ಇಸ್ಪೀಟ್ ಮತ್ತು ಕಳಾವರ್‌ನಲ್ಲಿ ನಮ್ಮ ಹತ್ತಿರ ಎಕ್ಕ, ರಾಜ ಎರಡೂ ಇದ್ದವು. ಡಮ್ಮಿಯಲ್ಲಿ (ಮೇಜಿನ ಮೇಲೆ ಬಿಚ್ಚಿಟ್ಟ, ನಾನೇ ಆಡಿಸುವ ಪಾರ್ಟ್‌ನರ್ ಎಲೆಗಳಲ್ಲಿ) ಡೈಮಂಡ್ ಎಕ್ಕ, ರಾಣಿ, ಗುಲಾಮ, ಹತ್ತು, ಒಂಬತ್ತು. ನನ್ನ ಕೈಯಲ್ಲಿ ಮೂರು ಸಣ್ಣ ಡೈಮಂಡ್. ಆಟಿನ್‌ನಲ್ಲಿ ನನಗೆ ಎಕ್ಕದ ಜತೆ ಎರಡು ಸಣ್ಣ ಎಲೆ, ಡಮ್ಮಿಯಲ್ಲಿ ಬರೀ ಎರಡು. ಎಡಗಡೆಯವರು ಆಟಿನ್ ರಾಜ ಇಳಿಸಿದರು. ನಾನು ಥಟ್ಟನೆ ಎಕ್ಕ ಹಾಕಿ ಹೊಡೆದೆ. ಆಮೇಲೆ ಸಣ್ಣ ಡೈಮಂಡ್ ಆಡಿ, ರಾಜ ಎಡಗಡೆ ಇರಲಿ ಎಂಬ ಆಸೆಯಲ್ಲಿ ಡಮ್ಮಿಯಿಂದ ರಾಣಿ ಹಾಕಿದೆ. ರಾಜ ಬಲಗಡೆಯವರ ಕೈಯಲ್ಲಿತ್ತು. ಅವರು ಆಟಿನ್ ವಾಪಸ್ ಆಡಿದರು. ಎಡಗಡೆಯವರು ಸಾಲಾಗಿ ನಾಲ್ಕು ಆಟಿನ್ ಎಳೆದುಕೊಂಡರು. ನನಗೆ ಸಿಕ್ಕಿದ್ದು 8.

‘ಎಂತ ಮಾರಾಯ, ರೈಲು ಹಿಡೀಲಿಕ್ಕುಂಟಾ ನಿಂಗೆ?’ ಅಂದರು ಮೇಷ್ಟ್ರು.

ಎಲೆ ಸರಿ ಬರಲಿಲ್ಲ ಅನ್ನುವ ಹಾಗೂ ಇರಲಿಲ್ಲ. ಡೂಪ್ಲಿಕೇಟ್‌ನಲ್ಲಿ ಅದೇ ಎಲೆಗಳನ್ನು ಬೇರೆ ಟೇಬಲ್‌ನವರೂ ಆಡುತ್ತಾರೆ. ಅಲ್ಲಿ 9 ಆಗಿತ್ತು. ಆಡಿದವರು ಮಾಡಿದ್ದು ಇಷ್ಟೇ: ಎರಡು ಸಲ ಸಣ್ಣ ಆಟಿನ್ ಹಾಕಿ ಮೂರನೆಯದಕ್ಕೆ ಎಕ್ಕ ತೆಗೆದರು. ಅಷ್ಟರಲ್ಲಿ ಬಲಗಡೆಯವರ ಮೂರೂ ಆಟಿನ್ ಖಾಲಿ. ಡೈಮಂಡ್ ರಾಜ ಗೆದ್ದರೂ ಗೆಳೆಯನಿಗೆ ಕೊಡಲು ಅವರ ಹತ್ತಿರ ಆಟಿನ್ ಇರಲಿಲ್ಲ.

ಅವತ್ತಿನಿಂದ ಡಮ್ಮಿ ಬಿಚ್ಚಿದ ಕೂಡಲೇ ನನ್ನ ಎಲೆಗಳನ್ನು ಮಗುಚಿ ಮೇಜಿನ ಮೇಲಿಡುತ್ತೇನೆ. ಕೈಯಲ್ಲಿದ್ದರೆ ಬೆರಳು ಸುಮ್ನೆ ಇರಲ್ಲ! ಕೈಯಲ್ಲಿ ಈಗಲೇ ಇರುವ ಟ್ರಿಕ್ ಎಷ್ಟು, ಬಾಕಿ ಎಲ್ಲಿಂದ ಬರಬೇಕು, ನಡುವೆ ಯಾರ ಕೈಗೆ ಆಟ ಹೋದರೆ ಅಪಾಯ ಎಂದು ಲೆಕ್ಕ ಹಾಕಿಯೇ ಡಮ್ಮಿಯಿಂದ ಎಲೆ ಕೇಳುವುದು.

ಎಲೆ ಎಣಿಸುವುದನ್ನು ಮಾತ್ರ ನಿಧಾನವಾಗಿ ಕಲಿತೆ. ನಾಲ್ಕೂ ಬಣ್ಣ ಒಟ್ಟಿಗೆ ನೆನಪಿಡಲು ಹೋಗಿ ಸೋತಿದ್ದೇ ಜಾಸ್ತಿ. ಈಗ ಒಂದೇ ಬಣ್ಣ, ಅದೂ ಹೊರಗಿರುವುದನ್ನು ಮಾತ್ರ ಎಣಿಸುತ್ತೇನೆ. ನಮ್ಮಿಬ್ಬರದು ಸೇರಿ 8 ಇದ್ದರೆ ಹೊರಗೆ 5. ಆ 5 ಎಲೆ ಮೂರು-ಎರಡಾಗಿ ಹಂಚಿರುವುದು 100ಕ್ಕೆ 68 ಸಲ. ಇನ್ನೊಂದು ಮಜಾ ಇದೆ. ಶುರುವಿನಲ್ಲಿ ಪಾಸ್ ಹೇಳಿದವರು ಆಗಲೇ 10 ಪಾಯಿಂಟ್ ತೋರಿಸಿದ್ದರೆ, ಕಾಣದ ರಾಜ ಹೆಚ್ಚುಕಮ್ಮಿ ಅವರ ಹತ್ತಿರ ಇರಲ್ಲ. ಇದ್ದಿದ್ದರೆ 13 ಪಾಯಿಂಟ್ ಆಗಿ ಶುರುವಿನಲ್ಲೇ ಬಿಡ್ ಮಾಡುತ್ತಿದ್ದರು, ಅಲ್ವಾ? ಹೀಗೆ ಹಿಡಿದ ರಾಜನ ಖುಷಿ ಕೈಯಲ್ಲಿ ಬಂದ ನಾಲ್ಕು ಎಕ್ಕಕ್ಕೂ ಇಲ್ಲ.

ಹೋದ ತಿಂಗಳು ಮತ್ತೆ ನೋ ಟ್ರಂಪ್, ಮತ್ತೆ ಆಟಿನ್ ರಾಜ. ನಾನು ಜಂಬದಿಂದ ಎಕ್ಕ ತಡೆದೆ. ಎಡಗಡೆಯವರು ಆಟಿನ್ ಬಿಟ್ಟು ಇಸ್ಪೀಟಿಗೆ ತಿರುಗಿದರು. ಅಲ್ಲಿ ನಮ್ಮ ಹತ್ತಿರ ಎಕ್ಕವೂ ಇಲ್ಲ, ರಾಜನೂ ಇಲ್ಲ. ಐದು ಟ್ರಿಕ್ ಹೋಯಿತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ‘ಈ ಸಲ ರೈಲು ಹೋಯ್ತಲ್ಲ ಮಾರಾಯ.’