ರೈಲು 7ರಿಂದ 10ನೇ ಪ್ಲಾಟ್‌ಫಾರ್ಮ್‌ನಲ್ಲಿದ್ದರೆ ಮೆಜೆಸ್ಟಿಕ್‌ನಲ್ಲಿ ಇಳಿಯಬೇಡಿ
ಬೆಂಗಳೂರು ಮೆಟ್ರೊದ ನೇರಳೆ ಮಾರ್ಗದಲ್ಲಿ ಬಂದು ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ, ಅಂದರೆ ನಮ್ಮ ಹಳೆಯ ಸಿಟಿ ಸ್ಟೇಷನ್ನಿನಲ್ಲಿ, ರೈಲು ಹತ್ತುವವರು ತಮ್ಮ ರೈಲು 7ರಿಂದ 10ನೇ ಪ್ಲಾಟ್‌ಫಾರ್ಮ್‌ಗಳಲ್ಲಿದ್ದರೆ ಮೆಜೆಸ್ಟಿಕ್ ಬದಲಿಗೆ ಅದರ ಪಕ್ಕದ, ರೈಲು ನಿಲ್ದಾಣದ ಹೆಸರನ್ನೇ ಹೊತ್ತ ಮೆಟ್ರೊ ನಿಲ್ದಾಣದಲ್ಲಿ ಇಳಿಯುವುದು ಒಳ್ಳೆಯದು. ಮುಖ್ಯ ದ್ವಾರವು ಕೆಂಪೇಗೌಡ ಬಸ್ ನಿಲ್ದಾಣದ ಕಡೆಗೆ, 1ನೇ ಪ್ಲಾಟ್‌ಫಾರ್ಮ್‌ಗೆ ಹೊಂದಿಕೊಂಡಿರುವುದರಿಂದ ಮೆಜೆಸ್ಟಿಕ್ ಕಡೆಯಿಂದ ಬಂದವರು ಸೂಟ್‌ಕೇಸ್ ಹಿಡಿದು ಮೆಟ್ಟಿಲು ಹತ್ತಿಳಿದು ಹಳಿಗಳ ಸಾಲನ್ನೆಲ್ಲ ದಾಟಬೇಕು. 2016ರಲ್ಲಿ ಆರಂಭವಾದ ಈ ಮೆಟ್ರೊ ನಿಲ್ದಾಣವಾದರೋ ಹಿಂಬದಿಯಲ್ಲಿ, 10ನೇ ಪ್ಲಾಟ್‌ಫಾರ್ಮ್‌ನ ಕಡೆಗಿದೆ. ವಯಸ್ಸಾದ ತಂದೆತಾಯಿಯರನ್ನು, ನಿದ್ದೆಗಣ್ಣಿನ ಮಕ್ಕಳನ್ನು ಕರೆದುಕೊಂಡು ಹೊರಟವರಿಗೆ ಆ ಮೆಟ್ಟಿಲುಗಳು ತಪ್ಪುವುದೇ ದೊಡ್ಡ ನೆಮ್ಮದಿ. ಆದರೆ ರೈಲು 1ರಿಂದ 4ರೊಳಗಿನ ಪ್ಲಾಟ್‌ಫಾರ್ಮ್‌ನಲ್ಲಿದ್ದರೆ ಮೆಜೆಸ್ಟಿಕ್ಕೇ ಹತ್ತಿರ. ಹಸಿರು ಮಾರ್ಗದಲ್ಲಿ ಬರುವವರು ಹೇಗೂ ಮೆಜೆಸ್ಟಿಕ್‌ನಲ್ಲಿ ಇಳಿಯಲೇಬೇಕಾದ್ದರಿಂದ, ಒಂದೇ ನಿಲ್ದಾಣಕ್ಕಾಗಿ ನೇರಳೆ ಮಾರ್ಗಕ್ಕೆ ಬದಲಿಸುವುದು ಸಾಮಾನು ಭಾರವಾಗಿದ್ದಾಗ ಮಾತ್ರ ಪ್ರಯೋಜನಕರ. ಪ್ಲಾಟ್‌ಫಾರ್ಮ್ ಸಂಖ್ಯೆ ಕೊನೆಯ ಗಳಿಗೆಯಲ್ಲಿ ಬದಲಾಗುವುದೂ ಉಂಟು. ಮನೆಯಿಂದ ಹೊರಡುವಾಗ ಒಮ್ಮೆ, ಮೆಟ್ರೊದಿಂದ ಇಳಿಯುವ ಮುನ್ನ ಇನ್ನೊಮ್ಮೆ ರೈಲ್ವೆಯ ಆ್ಯಪ್‌ನಲ್ಲಿ ನೋಡಿಕೊಳ್ಳಿ.