ಓದಬೇಡಿ, ನೋಡಿ: ಗವರ್ನರ್ ಚುನಾವಣೆಯಲ್ಲಿ ಸಹಿ ಹೋಲಿಸಿದ ನನ್ನ ಅನುಭವ

1994ರ ವಿಧಾನಸಭೆ ಚುನಾವಣೆಗೆ ಹಾಸನ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ನಾನು ಪೋಲಿಂಗ್ ಡ್ಯೂಟಿ ಮಾಡಿದ್ದೆ. ಮಸ್ಟರಿಂಗ್ ಕೇಂದ್ರದಲ್ಲಿ ಪೆಟ್ಟಿಗೆ, ಅರಗು, ಶಾಯಿ ಬಾಟಲಿ ಎಲ್ಲ ಎಣಿಸಿಕೊಂಡು ಹೊರಟಿದ್ದೆವು. ಮೂವತ್ತು ವರ್ಷ ಆದಮೇಲೆ, 2024ರಲ್ಲಿ, ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಚುನಾವಣಾ ಕಚೇರಿಗೆ ತಾತ್ಕಾಲಿಕ ಕೆಲಸಕ್ಕೆ ಸೇರಿದೆ. ಮಗ ಇರೋದು ಇಲ್ಲೇ. ನನಗೂ ಪೌರತ್ವ ಬಂದಿತ್ತು. ಮೇಷ್ಟ್ರು ಕೆಲಸದಿಂದ ರಿಟೈರ್ ಆದವಳು ಮನೆಯಲ್ಲಿ ಸುಮ್ನೆ ಎಷ್ಟು ದಿನ ಕೂರೋದು, ಅಲ್ವಾ?

ಊರಿಗೆ ಫೋನ್ ಮಾಡಿ ಗವರ್ನರ್ ಚುನಾವಣೆ ಅಂದಾಗ ತಂಗಿ ನಕ್ಕಳು. "ಗವರ್ನರ್‌ಗೂ ಎಲೆಕ್ಷನ್ನಾ ಅಕ್ಕಾ? ಅವರನ್ನ ದಿಲ್ಲಿಯಿಂದ ಕಳಿಸ್ತಾರಲ್ಲ!" ಇಲ್ಲಿನ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಆದರೆ ಶಾಸಕರು ಆರಿಸೋದಲ್ಲ, ಜನವೇ ನೇರವಾಗಿ ಆರಿಸುತ್ತಾರೆ. ಮೂರು ಅವಧಿ ಮುಗಿಸಿದ ಜೇ ಇನ್ಸ್‌ಲೀ ಮತ್ತೆ ನಿಲ್ಲಲ್ಲ ಅಂದಿದ್ದರು. ಕುರ್ಚಿ ಖಾಲಿ.

ಮೇ ತಿಂಗಳಲ್ಲಿ ನಾಮಪತ್ರ ಹಾಕುವಾಗಲೇ ಒಂದು ತಮಾಷೆ ನಡೆಯಿತು. ರಾಜ್ಯದ ಅಟಾರ್ನಿ ಜನರಲ್ ಆಗಿದ್ದ ಬಾಬ್ ಫರ್ಗುಸನ್ ಡೆಮಾಕ್ರಟ್ ಕಡೆಯ ದೊಡ್ಡ ಅಭ್ಯರ್ಥಿ. ಕೊನೇ ದಿನ ನೋಡಿದರೆ ಇನ್ನೂ ಇಬ್ಬರು ಬಾಬ್ ಫರ್ಗುಸನ್‌ಗಳು ನಾಮಪತ್ರ ಹಾಕಿದ್ದಾರೆ! ಮತದಾರರಿಗೆ ಮೋಸ ಮಾಡೋಕೆ ಅದೇ ಹೆಸರಿನವರು ನಿಂತರೆ ಇಲ್ಲಿ ಅದು ಅಪರಾಧ. ಕೇಸಿನ ಮಾತು ಬಂದ ಕೂಡಲೇ ಇಬ್ಬರೂ ವಾಪಸ್ ತೆಗೆದುಕೊಂಡರು. ನನ್ನ ಮಗ ಇದನ್ನ ದೊಡ್ಡ ಸುದ್ದಿ ಅನ್ನೋ ಹಾಗೆ ಹೇಳಿದ. ನಮ್ಮ ಕಡೆ ಇದು ಹಳೇ ಆಟ ಕಣೋ ಅಂದೆ. ಅದಕ್ಕೇ ತಾನೇ ಅಲ್ಲಿ ಮಷೀನಿನ ಮೇಲೆ ಅಭ್ಯರ್ಥಿ ಫೋಟೊ ಹಾಕೋದು.

ಅವರಿಬ್ಬರು ಹೋದಮೇಲೂ ಆಗಸ್ಟ್ 6ರ ಪ್ರೈಮರಿಯಲ್ಲಿ, ಅಂದರೆ ಮೊದಲ ಸುತ್ತಿನ ಮತದಾನದಲ್ಲಿ, ಗವರ್ನರ್ ಹುದ್ದೆಗೆ 28 ಹೆಸರು ಉಳಿದಿದ್ದವು. ಇಲ್ಲಿ ಪಕ್ಷಕ್ಕೊಂದು ಪ್ರೈಮರಿ ಇಲ್ಲ. ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ಇರುತ್ತಾರೆ, ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ, ಅಷ್ಟೇ. ಪಕ್ಷದ ಟಿಕೆಟ್ ಅನ್ನೋದಕ್ಕೆ ಇಲ್ಲಿ ಆ ತೂಕ ಇಲ್ಲ. ರಿಪಬ್ಲಿಕನ್ ಪಕ್ಷದ ಸಮಾವೇಶ ಸೆಮಿ ಬರ್ಡ್ ಅವರನ್ನ ಬೆಂಬಲಿಸಿತ್ತು. ಆದರೆ ಅದೇ ಪಕ್ಷದ, ಮಾಜಿ ಶೆರಿಫ್ (ಕೌಂಟಿ ಪೊಲೀಸ್ ಮುಖ್ಯಸ್ಥ) ಡೇವ್ ರೈಕರ್ಟ್ ಎರಡನೇ ಸ್ಥಾನಕ್ಕೆ ಬಂದರು. ಫರ್ಗುಸನ್‌ಗೆ ಸುಮಾರು ಶೇ 45, ರೈಕರ್ಟ್‌ಗೆ ಶೇ 27ರ ಆಸುಪಾಸು, ಬರ್ಡ್‌ಗೆ ಶೇ 11ರ ಹತ್ತಿರ.

ಈಗ ನನ್ನ ಕೆಲಸಕ್ಕೆ ಬರುತ್ತೇನೆ. ಈ ರಾಜ್ಯದಲ್ಲಿ ಮತದಾನ ಪೂರ್ತಿ ಅಂಚೆಯಲ್ಲೇ. ಬ್ಯಾಲೆಟ್ ಮನೆಗೆ ಬರುತ್ತದೆ. ಗುರುತು ಹಾಕಿ, ಕವರಿನ ಮೇಲೆ ಸಹಿ ಮಾಡಿ, ಪೋಸ್ಟ್ ಮಾಡಬೇಕು ಇಲ್ಲವೇ ಡ್ರಾಪ್ ಬಾಕ್ಸಿಗೆ ಹಾಕಬೇಕು. ಬೆರಳಿಗೆ ಶಾಯಿ ಇಲ್ಲ, ಬೂತ್ ಏಜೆಂಟ್ ಇಲ್ಲ. ಮತದಾರರು ಅವರೇ ಹೌದಾ ಅಂತ ನೋಡೋದು ಸಹಿಯಲ್ಲಿ. ಸ್ಕ್ರೀನಿನ ಮೇಲೆ ಒಂದು ಕಡೆ ಕವರಿನ ಸಹಿ, ಇನ್ನೊಂದು ಕಡೆ ದಾಖಲೆಯಲ್ಲಿರುವ ಹಳೇ ಸಹಿ. ಹೋಲಿಸು, ಒಪ್ಪು ಅಥವಾ ಪಕ್ಕಕ್ಕಿಡು. ಇಡೀ ದಿನ ಇದೇ.

ವರ್ಷಗಟ್ಟಲೆ ಉತ್ತರ ಪತ್ರಿಕೆ ತಿದ್ದಿದವಳಿಗೆ ಇದೇನು ಮಹಾ ಅಂದುಕೊಂಡಿದ್ದೆ. ಅಲ್ಲೇ ಎಡವಿದೆ. ಆಗಸ್ಟಿನಲ್ಲಿ ನಾನು ಪಾಸ್ ಮಾಡಿದ ಒಂದು ಕವರು ಮರುಪರಿಶೀಲನೆಯಲ್ಲಿ ವಾಪಸ್ ಬಂತು. ಹೆಸರು ಅದೇ, ಸ್ಪೆಲಿಂಗ್ ಅದೇ. ಕೈ ಮಾತ್ರ ಬೇರೆ. ಮನೆಯವರು ಯಾರೋ ಅವರ ಪರವಾಗಿ ಹೆಸರು ಬರೆದುಬಿಟ್ಟ ಹಾಗಿತ್ತು. ಸೂಪರ್‌ವೈಸರ್ ಬೈಯಲಿಲ್ಲ. "ನೀವು ಓದುತ್ತಿದ್ದೀರಿ. ಓದಬೇಡಿ, ನೋಡಿ" ಅಂದರು. ಅಕ್ಷರ ಎತ್ತ ವಾಲಿದೆ, ಪೆನ್ನು ಎಲ್ಲಿ ಎತ್ತಿದ್ದಾರೆ, ಗೀರು ಎಲ್ಲಿ ಶುರುವಾಗಿದೆ, ಅದನ್ನ ನೋಡಬೇಕು. ಹೆಸರು ಏನು ಅನ್ನೋದು ಲೆಕ್ಕಕ್ಕಿಲ್ಲ. ಇದು ಕೈಗೆ ಹತ್ತಲು ನನಗೆ ಒಂದು ವಾರ ಹಿಡಿಯಿತು. ಓದೋದನ್ನ ನಿಲ್ಲಿಸೋದು ಓದು ಕಲಿಯೋದಕ್ಕಿಂತ ಕಷ್ಟ!

ಒಂದು ಕವರಿಗೆ ಇಷ್ಟೆಲ್ಲ ಯಾಕೆ ಅನ್ನೋದು ಅದೇ ಪ್ರೈಮರಿಯಲ್ಲಿ ಗೊತ್ತಾಯಿತು. ಗವರ್ನರ್ ಜೊತೆಗೇ ರಾಜ್ಯದ ಸಾರ್ವಜನಿಕ ಭೂಮಿ ಕಮಿಷನರ್ ಹುದ್ದೆಗೂ ಮತದಾನ ಇತ್ತು. ಸುಮಾರು 19 ಲಕ್ಷ ಮತ. ಎರಡನೇ ಸ್ಥಾನಕ್ಕೆ ಡೇವ್ ಅಪ್‌ಥೆಗ್ರೋವ್ ಮತ್ತು ಸೂ ಕ್ಯೂಲ್ ಪೆಡರ್ಸನ್ ಮಧ್ಯೆ 51 ಮತದ ಅಂತರ. ಕೈಯಲ್ಲೇ ಮರುಎಣಿಕೆ ಮಾಡಿದರು. ಕೊನೆಗೆ ಅಪ್‌ಥೆಗ್ರೋವ್ 49 ಮತದಿಂದ ಮುಂದೆ ಬಂದರು, ನವೆಂಬರ್‌ನಲ್ಲಿ ಗೆದ್ದೂ ಬಿಟ್ಟರು. ನಾನು ಪಕ್ಕಕ್ಕಿಟ್ಟ ಕವರುಗಳೇ ಎಷ್ಟೋ ಇದ್ದವು. ಆ ಅಂತರ ಕೇಳಿದ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ನವೆಂಬರ್ ಹೊತ್ತಿಗೆ ಕೆಲಸ ಜಾಸ್ತಿ, ಭಯವೂ ಜಾಸ್ತಿ. ಅಕ್ಟೋಬರ್ 28ರಂದು ಇದೇ ರಾಜ್ಯದ ವ್ಯಾಂಕೂವರ್ ಊರಲ್ಲಿ ಯಾರೋ ಒಂದು ಡ್ರಾಪ್ ಬಾಕ್ಸಿಗೆ ಬೆಂಕಿ ಇಟ್ಟರು, ನೂರಾರು ಬ್ಯಾಲೆಟ್ ಹಾಳಾದವು. ನಮ್ಮಲ್ಲಿ ಡಬ್ಬಿ ತೆರೆಯೋಕೆ ಯಾವಾಗಲೂ ಇಬ್ಬರು ಹೋಗುತ್ತಿದ್ದರು. ಆಮೇಲಂತೂ ಅವರು ವಾಪಸ್ ಬರೋವರೆಗೂ ಎಲ್ಲರ ಕಣ್ಣು ಬಾಗಿಲ ಮೇಲೆ.

ನವೆಂಬರ್ 5ರ ರಾತ್ರಿ ಎಂಟಕ್ಕೆ ಡ್ರಾಪ್ ಬಾಕ್ಸ್ ಮುಚ್ಚಿತು. ಸ್ವಲ್ಪ ಹೊತ್ತಿಗೆ ಮೊದಲ ಲೆಕ್ಕ ಹೊರಬಿತ್ತು. ಫರ್ಗುಸನ್ ಗೆದ್ದರು ಅಂತ ಟಿವಿಯವರು ಅವತ್ತೇ ಹೇಳಿಬಿಟ್ಟರು. ಮಗ ಫೋನ್ ಮಾಡಿ "ಮುಗೀತಲ್ಲಮ್ಮಾ, ಇನ್ನು ಮನೆಗೆ ಬಾ" ಅಂದ. ಎಲ್ಲಿ ಮುಗೀತು? ಐದನೇ ತಾರೀಖಿನೊಳಗಿನ ಅಂಚೆ ಮುದ್ರೆ ಇದ್ದರೆ ಆಮೇಲೆ ಬಂದ ಕವರೂ ಲೆಕ್ಕಕ್ಕೆ ಬರುತ್ತದೆ. ಸಹಿ ಹೊಂದದವರಿಗೆ ಪತ್ರ ಹೋಗುತ್ತದೆ. ಕೌಂಟಿ ಫಲಿತಾಂಶ ಅಧಿಕೃತ ಆಗೋದು ನವೆಂಬರ್ 26ಕ್ಕೆ, ಅದರ ಹಿಂದಿನ ದಿನದವರೆಗೂ ಸಹಿ ಸರಿಪಡಿಸಿಕೊಳ್ಳಬಹುದು.

ಆ ದಿನಗಳಲ್ಲೇ ಒಂದು ಕವರು ನನ್ನ ಸ್ಕ್ರೀನಿಗೆ ಬಂತು. ಸಹಿ ಕನ್ನಡದಲ್ಲಿ! ಒಂದು ಕ್ಷಣ ಊರಿನವರೇ ಎದುರಿಗೆ ಬಂದು ನಿಂತ ಹಾಗಾಯಿತು. ಹೆಸರು ಸಲೀಸಾಗಿ ಓದಿಬಿಟ್ಟೆ. ಹಳೇ ಸಹಿಯೂ ಕನ್ನಡದ್ದೇ, ಹೆಸರೂ ಅದೇ. ಒಪ್ಪು ಅಂತ ಒತ್ತಲು ಬೆರಳು ಹೋಗಿತ್ತು. ಆಗ ಸೂಪರ್‌ವೈಸರ್ ಮಾತು ನೆನಪಾಯಿತು. ಇದು ನನಗೆ ಬಾರದ ಲಿಪಿ ಅಂದುಕೊಂಡು ಮತ್ತೆ ನೋಡಿದೆ. ಹಳೆಯದರಲ್ಲಿ ತಲೆಕಟ್ಟು ದುಂಡಗೆ, ಒತ್ತಕ್ಷರ ಸಾಲಿಗೆ ಅಂಟಿಕೊಂಡಿತ್ತು. ಹೊಸದರಲ್ಲಿ ತಲೆಕಟ್ಟು ಮುರಿದಿತ್ತು, ಒತ್ತು ಬಹಳ ಕೆಳಗೆ ಜಾರಿತ್ತು. ಪಕ್ಕಕ್ಕಿಟ್ಟೆ. ಎರಡನೇ ಸಲ ನೋಡಿದವರೂ ಹೊಂದಲ್ಲ ಅಂದರು. ಪತ್ರ ಹೋಯಿತು. ನಮ್ಮವರ ವೋಟು ನಾನೇ ತಡೆದೆನಲ್ಲಾ ಅಂತ ಮನಸ್ಸಿಗೆ ಕಿರಿಕಿರಿ.

ಸುಮಾರು ಹತ್ತು ದಿನಕ್ಕೆ ಅವರು ತುಂಬಿ ಕಳಿಸಿದ ಫಾರ್ಮ್ ವಾಪಸ್ ಬಂತು. ಅದರಲ್ಲೂ ಅದೇ ಮುರಿದ ತಲೆಕಟ್ಟು, ಅದೇ ಜಾರಿದ ಒತ್ತು. ಕೈ ನಡುಗುವ ವಯಸ್ಸಿರಬೇಕು. ಈ ಸಲ ಎರಡೂ ಹೊಂದಿದವು. ಫರ್ಗುಸನ್ ಶೇ 55ಕ್ಕಿಂತ ಜಾಸ್ತಿ ಮತ ತಗೊಂಡು ಗೆದ್ದಾಗಿತ್ತು. ಆ ಕವರು ಆಗ ಎಣಿಕೆ ಕೋಣೆಗೆ ಹೋಯಿತು.